ಹಾಲ್ಟ್ ಬಸ್ಸು ಹೋದ ಮೇಲೆ ಊರಿಗೆ ದಿಕ್ಕು ಯಾರು?

ನಾನು ಓದಿದ್ದು ಏಳನೇ ಕ್ಲಾಸು. ಮಾಡುವುದು ಮಳೆ ನಂಬಿದ ಬೇಸಾಯ. ಮೈಸೂರಿನಿಂದ ಇಪ್ಪತ್ತೆರಡು ಕಿಲೋಮೀಟರ್ ದೂರದಲ್ಲಿ ಮೂರೂವರೆ ಎಕರೆ ಹೊಲ. ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ಹಿಂದಿನ ಮಳೆಗೆ ಹುರುಳಿ. ಬೆಳೆ ವಿಚಾರ ಬರೆಯೋಣ ಅಂತಲೇ ಪೆನ್ನು ಹಿಡಿದೆ. ಆದರೆ ಮೂರು ವರ್ಷದಿಂದ ತಲೆಯಲ್ಲಿ ಕೊರೆಯುತ್ತಿರುವುದು ಬಸ್ಸಿನ ವಿಚಾರ. ಬಸ್ಸಿಗೂ ಬೇಸಾಯಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಸ್ವಲ್ಪ ತಾಳ್ಮೆಯಿಂದ ಓದಿ.

1996ರ ಮಾತು. ಮೈ ಕೊರೆಯುವ ಚಳಿ. ರಾತ್ರಿ ಎರಡೂವರೆಗೆ ಮನೆಯವಳಿಗೆ ಹೆರಿಗೆ ನೋವು ಶುರುವಾಯ್ತು. ಸೂಲಗಿತ್ತಿ ಅಜ್ಜಿ ಬಂದು ನೋಡಿ, "ಮಗ ಅಡ್ಡ ತಿರುಗೈತೆ ಕಣಪ್ಪ, ನನ್ ಕೈಲಿ ಆಗಕಿಲ್ಲ, ಮೈಸೂರಿಗೆ ಕರ್ಕೊಂಡು ಹೋಗು" ಅಂದ್ರು. ಆಗ ಊರಲ್ಲಿದ್ದದ್ದು ಎತ್ತಿನಗಾಡಿ, ಸೈಕಲ್ಲು. ಮತ್ತೆ ಮಾರಿಗುಡಿ ಮುಂದೆ ನಿಂತಿದ್ದ ಹಾಲ್ಟ್ ಬಸ್ಸು. ಸಾಯಂಕಾಲ ಏಳಕ್ಕೆ ಬಂದು, ರಾತ್ರಿ ಊರಲ್ಲೇ ತಂಗಿ, ಬೆಳಿಗ್ಗೆ ಐದೂಮುಕ್ಕಾಲಿಗೆ ಹೊರಡುವ ಬಸ್ಸು. ಡ್ರೈವರಣ್ಣ, ಕಂಡಕ್ಟರಣ್ಣ ಗುಡಿ ಜಗಲಿ ಮೇಲೆ ಮಲಗಿದ್ದರು. ಹೋಗಿ ಎಬ್ಬಿಸಿದೆ. ಡ್ರೈವರಣ್ಣ ಒಂದು ಮಾತೂ ಆಡಲಿಲ್ಲ. ಮುಖಕ್ಕೆ ನೀರು ಹಾಕಿಕೊಂಡು ಸೀಟು ಹತ್ತಿದರು. ನಾಲ್ಕು ಗಂಟೆ ಒಳಗೆ ಚೆಲುವಾಂಬ ಆಸ್ಪತ್ರೆ ಬಾಗಿಲಲ್ಲಿದ್ದೆವು. ತಾಯಿ, ಮಗು ಇಬ್ಬರೂ ಉಳಿದರು. ಬಸ್ಸು ವಾಪಸು ಊರಿಗೆ ಹೋಗಿ ಐದೂಮುಕ್ಕಾಲಿನ ಟ್ರಿಪ್ಪನ್ನೂ ತಪ್ಪಿಸಲಿಲ್ಲ.

ಈಗ 2022ರ ಡಿಸೆಂಬರಿಗೆ ಬನ್ನಿ. ರಾಗಿ ಮೆದೆ ಹಾಕುತ್ತಿದ್ದಾಗ ನಮ್ಮ ಭಾವನಿಗೆ ಮುಸ್ಸಂಜೆಯಲ್ಲಿ ಹಾವು ಕಚ್ಚಿತು. ಕೊಳಕುಮಂಡಲ. ಊರಲ್ಲಿ ಈಗ ನಲವತ್ತು ಬೈಕು, ಆರು ಟ್ರ್ಯಾಕ್ಟರು, ಎಲ್ಲರ ಜೇಬಲ್ಲೂ ಫೋನು. ಆದರೂ ಭಾವನನ್ನು ಆಸ್ಪತ್ರೆ ಸೇರಿಸುವುದಕ್ಕೆ ಎರಡೂಕಾಲು ಗಂಟೆ ಹಿಡಿಯಿತು. ಆಂಬುಲೆನ್ಸಿಗೆ ಫೋನ್ ಮಾಡಿದವನು ಗಾಬರಿಯಲ್ಲಿ ಊರ ಹೆಸರು ಮಾತ್ರ ಹೇಳಿದ. ನಮ್ಮ ಊರಿನ ಹೆಸರಿನದೇ ಇನ್ನೊಂದು ಊರು ಪಕ್ಕದ ತಾಲ್ಲೂಕಿನಲ್ಲಿದೆ. ಪಂಚಾಯಿತಿ ಹೆಸರು, ಹೋಬಳಿ ಹೆಸರು ಹೇಳಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾವು ಕಾಲಿಗೆ ಹಗ್ಗ ಬಿಗಿದು ಕಾಯುತ್ತಾ ಕೂತೆವು. ಕೊನೆಗೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಮೇನ್ ರೋಡಿಗೆ ಹೋಗಿ, ಅಲ್ಲಿಂದ ಸಿಕ್ಕಿದ ಗಾಡಿ ಹತ್ತಿಸಿದ್ದಾಯ್ತು.

ಭಾವ ಬದುಕಿದ. ಆದರೆ ಮೂತ್ರಪಿಂಡಕ್ಕೆ ಪೆಟ್ಟಾಗಿ ಹದಿನೈದು ದಿನ ಆಸ್ಪತ್ರೆ, ಎರಡು ಹಸು ಮಾರಾಟ, ಒಂದು ಕಾಲು ಇಂದಿಗೂ ಜೋಮು. "ಹಗ್ಗ ಕಟ್ಟಿದ್ದು ಯಾರ್ರೀ? ಕಚ್ಚಿದ ಕಾಲು ಅಲ್ಲಾಡಿಸದೆ ಸೀದಾ ಕರ್ಕೊಂಡು ಬರೋದಲ್ವಾ?" ಅಂತ ಡಾಕ್ಟರು ಬೈದರು. ಆಮೇಲೆ ಗೊತ್ತಾದದ್ದು ಇನ್ನೂ ನೋವಿನದು. ನಮ್ಮ ಹಿಂದಿನ ಬೀದಿಯಲ್ಲೇ ಒಬ್ಬ ಹುಡುಗ ತರಕಾರಿ ಟೆಂಪೊ ಓಡಿಸುತ್ತಾನೆ. ಅವತ್ತು ಟೆಂಪೊ ಮನೆ ಮುಂದೆಯೇ ನಿಂತಿತ್ತು. ಅವನು ಒಳಗೆ ಊಟ ಮಾಡುತ್ತಿದ್ದ. ಯಾರಿಗೂ ಹೊಳೆಯಲೇ ಇಲ್ಲ.

ಇದರಲ್ಲಿ ಬೇರೆ ಯಾರನ್ನೂ ದೂರುವುದಿಲ್ಲ. ತಪ್ಪು ನಮ್ಮ ಊರಿನದು. ಹಾಲ್ಟ್ ಬಸ್ಸು 2020ರ ಲಾಕ್‌ಡೌನಿನಲ್ಲಿ ನಿಂತದ್ದು ಮತ್ತೆ ಬರಲಿಲ್ಲ. ಬಸ್ಸು ಹೋಯಿತು ಅಂತ ನಾಲ್ಕು ದಿನ ಗೊಣಗಿ ಸುಮ್ಮನಾದೆವು. ಅದರ ಜೊತೆಗೆ ಏನೇನು ಹೋಯಿತು ಅಂತ ನೋಡಲಿಲ್ಲ. ಅಷ್ಟು ವರ್ಷ ಕಷ್ಟ ಬಂದಾಗ ಎಲ್ಲಿಗೆ ಓಡಬೇಕು, ಯಾರನ್ನು ಎಬ್ಬಿಸಬೇಕು ಅನ್ನುವುದು ಊರಿನ ಮಕ್ಕಳಿಗೂ ಗೊತ್ತಿತ್ತು. ಯಾರೂ ಕಾಗದದಲ್ಲಿ ಬರೆಯದಿದ್ದರೂ ಆ ಬಸ್ಸೇ ನಮ್ಮ ತುರ್ತು ಯೋಜನೆಯಾಗಿತ್ತು.

ಟಿಕೆಟ್ ಪುಕ್ಕಟೆ, ಬಸ್ಸೇ ಇಲ್ಲ

ಮೈಸೂರು ಸೀಮೆಗೆ ಸರ್ಕಾರಿ ಬಸ್ಸು ಹೊಸದಲ್ಲ. 1948ರ ಸೆಪ್ಟೆಂಬರಿನಲ್ಲೇ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ತನ್ನ ಸಾರಿಗೆ ಇಲಾಖೆ ಶುರು ಮಾಡಿತ್ತು. ಅದು 1961ರಲ್ಲಿ ನಿಗಮವಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಪ್ರಯಾಣ ಪುಕ್ಕಟೆ. ಒಳ್ಳೆಯದೇ ಆಯಿತು. ಮೈಸೂರಿಗೆ ಗಾರೆ ಕೆಲಸಕ್ಕೆ, ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತಿದೆ. ಆದರೆ ಬಸ್ಸೇ ಬರದ ಊರಿನ ಹೆಂಗಸು ಆಧಾರ್ ಕಾರ್ಡು ಹಿಡಿದುಕೊಂಡು ಏನು ಮಾಡಬೇಕು? ಮೂರು ಕಿಲೋಮೀಟರ್ ನಡೆದು ಮೇನ್ ರೋಡಿಗೆ ಹೋಗಬೇಕು. ಇಲ್ಲವೇ ಆಟೊಗೆ ದುಡ್ಡು ಕೊಡಬೇಕು.

ನಡೆದರೆ ಏನಾಯ್ತು ಅನ್ನುವವರಿಗೆ ಒಂದು ಮಾತು. ನಮ್ಮ ಪಕ್ಕದ ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿವರೆಗೆ ಚಿರತೆ ಬಾಯಿಗೆ ಸಿಕ್ಕು ನಾಲ್ಕು ಜನ ಸತ್ತರು. ಅವರಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರು, ವಯಸ್ಸಾದ ಹೆಂಗಸಿದ್ದರು, ಹನ್ನೊಂದು ವರ್ಷದ ಹುಡುಗನೂ ಇದ್ದ. ಆ ಮೂರು ತಿಂಗಳು ಸುತ್ತಿನ ಊರುಗಳಲ್ಲಿ ಹೊತ್ತು ಮುಳುಗಿದ ಮೇಲೆ ಒಬ್ಬೊಬ್ಬರೇ ಓಡಾಡುವಂತಿರಲಿಲ್ಲ. ಸಂಜೆ ಬಸ್ಸು ಊರೊಳಗೆ ಬರುವುದಕ್ಕೂ ಮೇನ್ ರೋಡಿನಲ್ಲಿ ಇಳಿಸಿ ಹೋಗುವುದಕ್ಕೂ ಇರುವ ವ್ಯತ್ಯಾಸ ಮಗಳನ್ನು ಕಾಲೇಜಿಗೆ ಕಳಿಸಿದ ತಾಯಿಯನ್ನು ಕೇಳಿದರೆ ತಿಳಿಯುತ್ತದೆ.

ಬೇಸಾಯದ ಲೆಕ್ಕವೂ ಅಷ್ಟೇ. ಧನುರ್ಮಾಸದ ಸೊಗಡಿನ ಅವರೆಕಾಯಿಗೆ ಮೈಸೂರಿನಲ್ಲಿ ಬೆಲೆ ಇರುವುದು ಬೆಳಿಗ್ಗೆ ಹೊತ್ತು. ಇಬ್ಬನಿ ಆರುವ ಮುಂಚೆ ಮೂಟೆ ಪೇಟೆಯಲ್ಲಿ ಇಳಿಯಬೇಕು. ಒಂಬತ್ತು ಗಂಟೆ ದಾಟಿತೋ, ಕೊಳ್ಳುವವನು ಹೇಳಿದ್ದೇ ರೇಟು. ಹಾಲ್ಟ್ ಬಸ್ಸಿದ್ದಾಗ ಐದೂಮುಕ್ಕಾಲಿಗೆ ಎರಡು ಮೂಟೆ ಹಾಕಿಕೊಂಡು ಹೋಗುತ್ತಿದ್ದೆ. ಈಗ ಆಟೊಗೆ ಕೊಡುವ ದುಡ್ಡಿನಲ್ಲಿ ಅರ್ಧ ಮೂಟೆ ಕಾಯಿ ಹೋಗುತ್ತದೆ. ಎರಡು ಮೂಟೆ ಬೆಳೆಯುವ ನನ್ನಂಥವನಿಗೇ ಇದು ಪೆಟ್ಟು. ಲಾರಿ ತುಂಬುವವನಿಗೆ ಬಸ್ಸಿನ ಚಿಂತೆ ಇಲ್ಲ.

"ಅದು ನಮ್ಮ ಕೈಲಿಲ್ಲ"

ಪಂಚಾಯಿತಿಗೆ ಹೋಗಿ ಕೇಳಿದೆವು. "ಬಸ್ಸು ನಮ್ಮ ಕೈಲಿಲ್ಲ ಕಣಣ್ಣ. ಚರಂಡಿ, ಬೀದಿದೀಪ ಏನಾರ ಇದ್ರೆ ಹೇಳಿ" ಅಂದ್ರು. ಮಾತು ಸುಳ್ಳಲ್ಲ. ಬಸ್ಸು ನಿಗಮದ್ದು. ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಸದಸ್ಯರನ್ನು ಹಿಡಿಯೋಣ ಅಂದರೆ, ಅವರ ಅವಧಿ 2021ರಲ್ಲೇ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮೈಸೂರು ಮಹಾನಗರಪಾಲಿಕೆಗೂ ಅದೇ ಗತಿ. ಅಲ್ಲಿನ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರಿಗೆ ಮುಗಿದು ಅಧಿಕಾರಿಗಳ ಆಡಳಿತ ಬಂತು. ಹೀಗಾಗಿ ನಮ್ಮ ಪಾಲಿಗೆ ಬಾಗಿಲು ಬಡಿಯಲು ಉಳಿದದ್ದು ಗ್ರಾಮ ಪಂಚಾಯಿತಿ ಒಂದೇ.

ಬಸ್ಸು ಓಡಿಸುವುದು ಪಂಚಾಯಿತಿ ಕೆಲಸವಲ್ಲ ಸರಿ. ಬಸ್ಸು ಕೇಳುವುದು ಯಾರ ಕೆಲಸ? ಡಿಪೊಗೆ ಹೋದಾಗ ಅಲ್ಲಿನ ಅಧಿಕಾರಿ ನೇರವಾಗಿ ಕೇಳಿದರು: "ಎಷ್ಟು ಜನ ಹತ್ತುತ್ತೀರಿ? ಯಾವ ಹೊತ್ತಿಗೆ? ಬಸ್ಸು ತಿರುಗಿಸೋಕೆ ಜಾಗ ಇದೆಯಾ?" ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹತ್ತು ಜನ ಸಹಿ ಹಾಕಿದ ಅರ್ಜಿ ಮಾತ್ರ ಇತ್ತು.

ವಾಪಸು ಬಂದು ಏಳು ದಿನ ಹಾಲಿನ ಡೇರಿ ಮುಂದೆ ಕೂತು ಎಣಿಸಿದೆವು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಊರಿಂದ ಹೊರಗೆ ಹೋಗುವವರು ಯಾರು, ಎಲ್ಲಿಗೆ, ಯಾವುದರಲ್ಲಿ, ಎಷ್ಟು ಕೊಟ್ಟು ಅಂತ ಡೇರಿ ಪುಸ್ತಕದ ಹಾಗೆ ಗೆರೆ ಹಾಕಿ ಬರೆದೆವು. ನಮ್ಮದು ಮತ್ತು ದಾರಿಯಲ್ಲಿನ ಎರಡು ಊರು ಸೇರಿ ದಿನಕ್ಕೆ ಐವತ್ತರ ಮೇಲೆಯೇ ಬಂತು. ಅರ್ಧಕ್ಕಿಂತ ಹೆಚ್ಚು ಹೆಂಗಸರು. ಇಲ್ಲೊಂದು ವಿಷಯ ತಿಳಿದಿರಲಿ. ಶಕ್ತಿಯ ಶೂನ್ಯ ಟಿಕೆಟ್ಟಿನ ಲೆಕ್ಕದ ಮೇಲೆ ನಿಗಮಕ್ಕೆ ದುಡ್ಡು ಕೊಡಬೇಕಾದದ್ದು ಸರ್ಕಾರ. ಆದ್ದರಿಂದ ಹೆಂಗಸರು ಹತ್ತಿದರೆ ಕಲೆಕ್ಷನ್ ಇಲ್ಲ ಅನ್ನುವ ಮಾತಿಗೆ ತಲೆಯಾಡಿಸಬೇಡಿ.

ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿ ಪುಸ್ತಕಕ್ಕೆ ಬರೆಸಿ, ಪ್ರತಿಯನ್ನು ಡಿಪೊಗೆ ಕೊಟ್ಟೆವು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು ಅಂತ 1993ರ ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. ಮಾರಿಗುಡಿ ಮುಂದೆ ಬಿದ್ದಿದ್ದ ತಿಪ್ಪೆ ತೆಗೆಸಿ ಬಸ್ಸು ತಿರುಗಲು ಜಾಗ ಬಿಡಿಸಿದೆವು. ರಸ್ತೆಗೆ ಬಾಗಿದ್ದ ಹುಣಿಸೆ ಕೊಂಬೆ ಕಡಿಸಿದ್ದು ಪಂಚಾಯಿತಿ. ಐದು ತಿಂಗಳ ಮೇಲೆ ಬೆಳಿಗ್ಗೆಯ ಒಂದು ಟ್ರಿಪ್ಪು ಬಂತು. ಹಾಲ್ಟ್ ಬಸ್ಸು ಇನ್ನೂ ಬಂದಿಲ್ಲ. ಕೇಳುವುದನ್ನು ಬಿಟ್ಟಿಲ್ಲ.

ಕೇರಳದವರು ಮಾಡಿದ್ದು

ನಮ್ಮ ಪಕ್ಕದ ಕೇರಳದಲ್ಲಿ 2022ರ ಜುಲೈಯಲ್ಲಿ ಗ್ರಾಮವಂಡಿ ಅಂತ ಒಂದು ಯೋಜನೆ ಶುರುವಾಯಿತು. ಮೊದಲ ಬಸ್ಸು ತಿರುವನಂತಪುರ ಜಿಲ್ಲೆಯ ಕೊಲ್ಲಯಿಲ್ ಪಂಚಾಯಿತಿಯದು. ಬಸ್ಸು, ಡ್ರೈವರು, ಕಂಡಕ್ಟರು, ರಿಪೇರಿ ಎಲ್ಲ ಸಾರಿಗೆ ನಿಗಮದ್ದು. ಡೀಸೆಲ್ ಖರ್ಚು ಮಾತ್ರ ಪಂಚಾಯಿತಿಯದು. ಯಾವ ದಾರಿಯಲ್ಲಿ, ಯಾವ ಹೊತ್ತಿಗೆ ಬಸ್ಸು ಬೇಕು ಅಂತ ಹೇಳುವವರು ಪಂಚಾಯಿತಿಯವರೇ.

ನಮ್ಮ ಊರಿಗೆ ಲೆಕ್ಕ ಹಾಕಿ ನೋಡಿದೆ. ದಿನಕ್ಕೆ ಮೂರು ಸಲ ಹೋಗಿ ಬಂದರೆ 132 ಕಿಲೋಮೀಟರ್. ಲೀಟರಿಗೆ ಐದು ಕಿಲೋಮೀಟರ್ ಅಂದರೆ 26ರಿಂದ 27 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ ದಿನಕ್ಕೆ ಸುಮಾರು 2,400. ತಿಂಗಳಿಗೆ 72 ಸಾವಿರ. ಒಂದು ಪಂಚಾಯಿತಿಗೆ ಇದು ಭಾರ. ಆದರೆ ಒಂದೇ ದಾರಿಯಲ್ಲಿ ನಾಲ್ಕು ಪಂಚಾಯಿತಿ ಇದ್ದರೆ ತಲಾ 18 ಸಾವಿರ.

ನಮ್ಮಲ್ಲೂ ಹೀಗೇ ಆಗಲಿ ಅಂತ ನಾನು ಕಣ್ಣು ಮುಚ್ಚಿ ಹೇಳುವವನಲ್ಲ. ಮೈಸೂರಿನ ಸುತ್ತ ಏನಾಗಿದೆ ನೋಡಿ. ಲೇಔಟು ಬಂದು ಕಂದಾಯ ಹೆಚ್ಚಾದ ಊರುಗಳೆಲ್ಲ ಪಂಚಾಯಿತಿಯಾಗಿ ಉಳಿಯಲಿಲ್ಲ. 2020-21ರ ಹೊತ್ತಿಗೆ ಹೂಟಗಳ್ಳಿ ನಗರಸಭೆಯಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಹೊರಗುಳಿದದ್ದು ಮಳೆ ನಂಬಿದ ನಮ್ಮಂಥ ಬಡ ಪಂಚಾಯಿತಿ. ಡೀಸೆಲ್‌ಗೆ ದುಡ್ಡು ಕೊಟ್ಟವರಿಗೆ ಬಸ್ಸು ಅಂತ ಆದರೆ, ದುಡ್ಡಿದ್ದ ಊರಿಗೆ ಎರಡು ಬಸ್ಸು, ಇಲ್ಲದ ಊರಿಗೆ ಸೊನ್ನೆ ಆಗುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ದಿನಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು ಟ್ರಿಪ್ಪು ಸರ್ಕಾರದ ಹೊಣೆಯಾಗಿಯೇ ಇರಲಿ. ಅದಕ್ಕೆ ಮೇಲೆ ಹೆಚ್ಚಿನ ಟ್ರಿಪ್ಪು ಬೇಕಾದ ಪಂಚಾಯಿತಿಗಳು ಒಟ್ಟುಗೂಡಿ ಡೀಸೆಲ್ ಹಾಕಲಿ. ಹೊತ್ತು ಗೊತ್ತು ಮಾಡುವ ಮಾತು ಮಾತ್ರ ಎರಡರಲ್ಲೂ ಗ್ರಾಮಸಭೆಯದಾಗಿರಲಿ. ಅವರೆಕಾಯಿ ಹೊತ್ತು ಮೈಸೂರಿನ ಕಚೇರಿಯಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

ಕಷ್ಟ ಬಂದಾಗ ಮೊದಲು ಬರುವವರು

ಇನ್ನು ತುರ್ತಿನ ವಿಚಾರ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಶನಿವಾರ, ಅರ್ಧ ದಿನದ ಸ್ಕೂಲು ಮುಗಿಸಿ ಮನೆಗೆ ಹೊರಟ ಮಕ್ಕಳೂ ಅದರಲ್ಲಿದ್ದರು. ಅವತ್ತು ಮೊದಲು ನೀರಿಗೆ ಇಳಿದವರು ಅಕ್ಕಪಕ್ಕದಲ್ಲಿದ್ದ ನಮ್ಮಂಥ ಹಳ್ಳಿಯವರೇ. ಎಲ್ಲ ಕಡೆಯೂ ಹೀಗೇ. ಪೊಲೀಸು, ಅಗ್ನಿಶಾಮಕ, ಆಂಬುಲೆನ್ಸು ಎಷ್ಟೇ ಬೇಗ ಹೊರಟರೂ ದೂರದಿಂದ ಬರಬೇಕು. ಮೊದಲ ಅರ್ಧ ಗಂಟೆ ಊರಿನವರದೇ. ಆ ಅರ್ಧ ಗಂಟೆಗೆ ನಮ್ಮ ಹತ್ತಿರ ಹಗ್ಗ ಎಲ್ಲಿದೆ, ಈಜು ಬಲ್ಲವರು ಯಾರು ಅನ್ನುವುದಾದರೂ ಗೊತ್ತಿರಬೇಕಲ್ಲ?

ನಮ್ಮದು ಒಣಭೂಮಿ, ನೆರೆ ಎಲ್ಲಿಂದ ಬರಬೇಕು ಅಂತೀರಾ? 2019ರ ಆಗಸ್ಟಿನಲ್ಲಿ, ಮತ್ತೆ 2024ರ ಮಳೆಗಾಲದಲ್ಲಿ ಕಬಿನಿ ಉಕ್ಕಿ ನಂಜನಗೂಡಿನ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯೇ ಮುಳುಗಿತು. ಮಳೆ ಸುರಿದದ್ದು ವಯನಾಡಿನಲ್ಲಿ, ದಾರಿ ಬಂದಾದದ್ದು ನಮಗೆ. ಹೊಲಕ್ಕೆ ನೀರು ನುಗ್ಗದಿದ್ದರೂ ಹಾಲು, ಸೊಪ್ಪು, ರೋಗಿ ಎಲ್ಲರೂ ಸುತ್ತಿಕೊಂಡೇ ಹೋಗಬೇಕಾಯಿತು.

ಪಂಚಾಯಿತಿಗೆ ಇದು ಸಂಬಂಧವಿಲ್ಲ ಅನ್ನುವಂತಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಪಂಚಾಯಿತಿಯೂ ಒಂದು ಸ್ಥಳೀಯ ಪ್ರಾಧಿಕಾರ. ತನ್ನ ನೌಕರರಿಗೆ ತರಬೇತಿ ಕೊಡಿಸುವುದು, ಸಲಕರಣೆ ಸಿದ್ಧ ಇಟ್ಟುಕೊಳ್ಳುವುದು ಅದರ ಹೊಣೆ. ಜಿಲ್ಲೆಗೆ ಡಿ.ಸಿ.ಯವರೇ ಇದರ ಅಧ್ಯಕ್ಷರು. ಕೊರೊನಾ ಕಾಲದಲ್ಲಿ ಪಂಚಾಯಿತಿ ಕಾರ್ಯಪಡೆ ಕೆಲಸ ಮಾಡಿದ್ದನ್ನು ನಾವೇ ನೋಡಿದ್ದೇವೆ. ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಿ ಪಟ್ಟಿ ಮಾಡಿದರು. ಯಾರ ಮನೆಯಲ್ಲಿ ಒಂಟಿ ಮುದುಕಿ ಇದ್ದಾಳೆ, ಯಾರಿಗೆ ಸಕ್ಕರೆ ಕಾಯಿಲೆ ಅಂತ ಬೆರಳ ತುದಿಯಲ್ಲಿತ್ತು. ಕಾಯಿಲೆ ಇಳಿಯಿತು, ಪಟ್ಟಿ ಬೀರು ಸೇರಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ಹಳೇ ಅಭ್ಯಾಸ.

ಒಂದು ಹಾಳೆ ಸಾಕು

ಭಾವನ ಘಟನೆ ಆದ ಮೇಲೆ ನಾವು ಒಂದು ಹಾಳೆ ಮಾಡಿದೆವು. ಖರ್ಚು ನೂರು ರೂಪಾಯಿ ಒಳಗೆ. ಡೇರಿ, ನ್ಯಾಯಬೆಲೆ ಅಂಗಡಿ, ಸ್ಕೂಲು, ಮಾರಿಗುಡಿ, ನಾಲ್ಕು ಕಡೆ ಅಂಟಿಸಿದ್ದೇವೆ. ಅದರಲ್ಲಿ ಇರುವುದು ಇಷ್ಟು:

ಮೇಲುಗಡೆ ದಪ್ಪ ಅಕ್ಷರದಲ್ಲಿ ಊರು, ಪಂಚಾಯಿತಿ, ಹೋಬಳಿ, ತಾಲ್ಲೂಕು, ಮೇನ್ ರೋಡಿನಿಂದ ತಿರುಗುವ ಗುರುತು. ಫೋನ್ ಮಾಡುವವನು ಇದನ್ನು ನೋಡಿಕೊಂಡು ಓದಿದರೆ ಸಾಕು.

ಅದರ ಕೆಳಗೆ ನಂಬರುಗಳು. ಯಾವ ತುರ್ತಿಗೂ 112. ಆಂಬುಲೆನ್ಸಿಗೆ 108. ಬೆಂಕಿಗೆ 101. ಕರೆಂಟು ತಂತಿ ಹರಿದು ಬಿದ್ದರೆ 1912. ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿಗೆ 1077.

ಆಮೇಲೆ ರಾತ್ರಿ ಊರಲ್ಲೇ ನಿಲ್ಲುವ ಗಾಡಿಗಳು, ಓಡಿಸುವವರು. ಒಬ್ಬರು ಇಲ್ಲದಿದ್ದರೆ ಇನ್ನೊಬ್ಬರು ಅಂತ ಪ್ರತಿ ಬೀದಿಗೆ ಇಬ್ಬರು. ಹಗ್ಗ, ಏಣಿ, ಟಾರ್ಚು, ನೀರೆತ್ತುವ ಮೋಟರು ಯಾರ ಮನೆಯಲ್ಲಿ. ಈಜು ಬಲ್ಲವರು ಯಾರು.

ಕೊನೆಗೆ ಹಾವು ಕಚ್ಚಿದರೆ ಏನು ಮಾಡಬೇಕು: ಕಟ್ಟಬೇಡಿ, ಕೊಯ್ಯಬೇಡಿ, ರಕ್ತ ಹೀರಬೇಡಿ. ಕಚ್ಚಿದ ಭಾಗ ಅಲ್ಲಾಡದ ಹಾಗೆ ನೋಡಿಕೊಂಡು, ವಿಷಕ್ಕೆ ಇಂಜೆಕ್ಷನ್ ಇರುವ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಿರಿ. ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ನಮ್ಮ ರಾಜ್ಯ 2024ರ ಫೆಬ್ರವರಿಯಲ್ಲಿ ಆದೇಶ ಮಾಡಿದೆ. ರೈತರ ಕಷ್ಟ ಅಷ್ಟಾದರೂ ಲೆಕ್ಕಕ್ಕೆ ಬಂತಲ್ಲ.

ಒಂಟಿ ವಯಸ್ಸಾದವರು, ಬಸುರಿ ಹೆಂಗಸರು, ಕಾಲಿಲ್ಲದವರು ಇರುವ ಮನೆಗಳ ಪಟ್ಟಿ ಬೇರೆ. ಅದನ್ನು ಗೋಡೆಗೆ ಅಂಟಿಸಬಾರದು. ಆಶಾ ಕಾರ್ಯಕರ್ತೆಯ ಹತ್ತಿರ ಒಂದು, ಪಂಚಾಯಿತಿ ಸದಸ್ಯರ ಹತ್ತಿರ ಒಂದು ಇರಲಿ. ಯಾರ ಮನೆಯ ಕಷ್ಟ ಏನು ಅಂತ ಊರಿಗೆಲ್ಲ ಸಾರುವುದು ಬೇಡ.

ಈ ಹಾಳೆ ವರ್ಷಕ್ಕೆರಡು ಸಲ ಬದಲಾಗಬೇಕು. ಮುಂಗಾರಿಗೆ ಮುಂಚೆ ಒಮ್ಮೆ, ರಾಗಿ ಕೊಯ್ಲಿಗೆ ಮುಂಚೆ ಒಮ್ಮೆ. ಗ್ರಾಮಸಭೆಯಲ್ಲಿ ಜೋರಾಗಿ ಓದಬೇಕು. ಫೋನ್ ನಂಬರು ಬದಲಾಯಿಸಿದವನು ಅಲ್ಲೇ ಎದ್ದು ಹೇಳಬೇಕು. ಓದದ ಹಾಳೆ ಗೋಡೆಗೆ ಅಂಟಿದ ಸಿನಿಮಾ ಪೋಸ್ಟರಿಗೆ ಸಮ.

"ಇದನ್ನೆಲ್ಲ ಮಾಡಿದರೆ ಸರ್ಕಾರ ಕೈ ತೊಳೆದುಕೊಳ್ಳುತ್ತೆ" ಅಂತ ನಮ್ಮ ಸಂಘದಲ್ಲೇ ಕೆಲವರು ಹೇಳಿದರು. ಆ ಭಯ ನನಗೂ ಉಂಟು. ಅದಕ್ಕೇ ಹೇಳುತ್ತೇನೆ, ಹಾಳೆ ಮಾಡಿದೆವು ಅಂತ ಬಸ್ಸು ಕೇಳುವುದು ಬಿಡಬಾರದು. ಟೆಂಪೊ ಹುಡುಗ ನಾಳೆ ಮದುವೆಯಾಗಿ ಮೈಸೂರು ಸೇರಬಹುದು. ಬಸ್ಸು ಬರುವ ಊರಿನ ರಸ್ತೆ ರಿಪೇರಿಯಾಗಿರುತ್ತದೆ, ಕೊಂಬೆ ಕಡಿದಿರುತ್ತದೆ, ಮಕ್ಕಳು ಸ್ಕೂಲು ಬಿಡುವುದಿಲ್ಲ, ಬೇಸಾಯ ಮಾಡುವ ಹುಡುಗನಿಗೆ ಹೆಣ್ಣು ಕೊಡುವವರೂ ಸಿಗುತ್ತಾರೆ. ಬಸ್ಸು ಹೋದ ಊರಿನಿಂದ ಒಬ್ಬೊಬ್ಬರೇ ಹೊರಡುತ್ತಾರೆ. ಕೊನೆಗೆ ಉಳಿಯುವುದು ನನ್ನಂಥ ಮುದುಕರು. ತುರ್ತಿಗೆ ಕೂಗಿದರೆ ಓಡಿ ಬರಲು ಹರೆಯದವರೇ ಇರುವುದಿಲ್ಲ.

ಅವತ್ತು ಹಾಲ್ಟ್ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಹುಟ್ಟಿದ ನನ್ನ ಮಗಳು ಈಗ ನರ್ಸು. ಹಾಳೆಯಲ್ಲಿ ಹಾವಿನ ವಿಚಾರ ಬರೆದುಕೊಟ್ಟವಳು ಅವಳೇ. ಮುಂದಿನ ಗ್ರಾಮಸಭೆಯಲ್ಲಿ ಹಾಲ್ಟ್ ಬಸ್ಸಿನ ಠರಾವು ನಾಲ್ಕನೇ ಸಲ ಓದಿಸುತ್ತೇನೆ. ನಿಮ್ಮ ಊರಿಗೂ ಬಸ್ಸು ನಿಂತಿದ್ದರೆ, ಅರ್ಜಿ ಬರೆಯುವ ಮುಂಚೆ ಒಂದು ವಾರ ಡೇರಿ ಮುಂದೆ ಕೂತು ತಲೆ ಎಣಿಸಿ. ಬಸ್ಸು ವಾಪಸು ತರಿಸಿಕೊಂಡ ಊರಿನವರು ಯಾರಾದರೂ ಇದ್ದರೆ, ಹೇಗೆ ತರಿಸಿದಿರಿ ಅಂತ ಈ ಪುಟಕ್ಕೆ ಬರೆಯಿರಿ. ನಾವೂ ಕಲಿಯುತ್ತೇವೆ.